ಗುಡ್ಡೆಯಲ್ಲಿ ಮನೆ, ಅಂಗಳದಲ್ಲಿ ಜೀಪು: ಕಾಸರಗೋಡಿನ ಮೂಡು ಭಾಗಕ್ಕೆ ವಾಸ ಬದಲಿಸುವವರಿಗೆ

ಗುಡ್ಡೆಯ ಜಾಗವನ್ನು ಡಿಸೆಂಬರಿನಲ್ಲಿ ನೋಡಿ ಕ್ರಯ ಮಾತಾಡಬೇಡಿ. ಆಗ ತೋಡು ಹರಿಯುತ್ತಿರುತ್ತದೆ, ದಾರಿ ಒಣಗಿರುತ್ತದೆ, ಬೆಳಗಿನ ಚಳಿ ಹಿತವಾಗಿರುತ್ತದೆ. ಜಾಗದ ನಿಜ ಗುಣ ಗೊತ್ತಾಗುವುದು ವರ್ಷದಲ್ಲಿ ಎರಡೇ ಸಲ: ಎಪ್ರಿಲ್ ಕೊನೆಗೆ ನೀರು ಎಷ್ಟಿದೆಯೆಂದು, ಜುಲೈ ನಡುವಿಗೆ ದಾರಿ ಹೇಗಿದೆಯೆಂದು. ಒಂದೇ ಸಲ ಹೋಗಲು ಸಾಧ್ಯವಾದರೆ ಎಪ್ರಿಲಿನಲ್ಲಿ ಹೋಗಿ. ದಾರಿಯನ್ನು ಹಣ ಹಾಕಿ ಸರಿಮಾಡಬಹುದು, ಇಲ್ಲದ ನೀರನ್ನು ತರಿಸುವುದು ಕಷ್ಟ.

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು, ಇಳಿಜಾರಿನಲ್ಲಿ ಓಡಿ ಸಮುದ್ರ ಸೇರುತ್ತದೆ. ಹಾಗಾಗಿ ಮಳೆಯ ಅಂಕಿ ನೋಡಿ ನೀರಿನ ಲೆಕ್ಕ ಹಾಕಿದವರು ಮಾರ್ಚಿಯಲ್ಲಿ ಟ್ಯಾಂಕರಿಗೆ ಫೋನ್ ಮಾಡುತ್ತಾರೆ. ಎಲ್ಲ ಗುಡ್ಡೆಯೂ ಒಂದೇ ಅಲ್ಲ. ಎಣ್ಮಕಜೆ, ಪೈವಳಿಕೆ, ಪುತ್ತಿಗೆ ಕಡೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಗಳು, ಸುರಂಗದ ನೀರು, ಅಂದರೆ ನೀರಿಗಾಗಿ ಗುಡ್ಡೆಯ ಒಳಕ್ಕೆ ಅಡ್ಡವಾಗಿ ಕೊರೆದ ದಾರಿಯಿಂದ ಹರಿದು ಬರುವ ನೀರು. ದೇಲಂಪಾಡಿ, ಕಾರಡ್ಕ, ಮುಳಿಯಾರು ಕಡೆ ಕಾಡಿನ ಅಂಚು, ಆನೆಯ ಓಡಾಟ. ಪನತ್ತಡಿಯಿಂದ ರಾಣಿಪುರಂ ಕಡೆ ಹೋದರೆ 750 ಮೀಟರ್ ಎತ್ತರ, ಕಡಿದಾದ ಇಳಿಜಾರು. ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಬೇಕೆಂದಿದ್ದರೆ ಮಂಜೇಶ್ವರ ಮತ್ತು ಕಾಸರಗೋಡು ತಾಲೂಕಿನೊಳಗೇ ಹುಡುಕುವುದು ಒಳ್ಳೆಯದು.

ನೀರು

ಅಳೆಯಲು 10 ಲೀಟರಿನ ಬಕೆಟ್ ಮತ್ತು ಮೊಬೈಲಿನ ಗಡಿಯಾರ ಸಾಕು. ಸುರಂಗದಿಂದ ಬರುವ ನೀರಿಗೆ ಬಕೆಟ್ ಹಿಡಿಯಿರಿ. 4 ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ ಎರಡೂವರೆ ಲೀಟರ್ ಆಯಿತು, ದಿನಕ್ಕೆ 3,600 ಲೀಟರ್. ಕಣ್ಣಿಗೆ ಬೆರಳು ಗಾತ್ರದ ಧಾರೆ ಮಾತ್ರ, ಆದರೆ ಅದು ರಾತ್ರಿಯೂ ನಿಲ್ಲುವುದಿಲ್ಲ. ನಾಲ್ಕು ಜನರಿಗೆ 600 ಲೀಟರ್, ಎರಡು ದನಗಳಿಗೆ 150 ಲೀಟರ್ ತೆಗೆದಿಟ್ಟರೆ ಉಳಿದದ್ದು 2,850. ಹನಿ ನೀರಾವರಿಯಲ್ಲಿ ಅಡಕೆ ಮರವೊಂದಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕು. ಅಂದರೆ ಸುಮಾರು 140 ಮರ, ಅದಕ್ಕಿಂತ ಹೆಚ್ಚಿಲ್ಲ. ರಾತ್ರಿ 12 ಗಂಟೆಯಲ್ಲಿ ಬರುವ 1,800 ಲೀಟರ್ ಹಿಡಿದಿಡಲು ಕನಿಷ್ಠ 2,000 ಲೀಟರಿನ ಟ್ಯಾಂಕಿ ಬೇಕು. 5,000ದ್ದು ಇದ್ದರೆ ಒಂದು ದಿನ ಪೈಪು ಕೆಟ್ಟರೂ ತಲೆಬಿಸಿ ಇಲ್ಲ.

ಹಳೆಯ ಸುರಂಗವಿರುವ ಜಾಗ ಸಿಕ್ಕಿದರೆ ಅದನ್ನು ಮನೆಗಿಂತ ಮೊದಲು ಪರೀಕ್ಷಿಸಿ. ಒಬ್ಬ ಬಗ್ಗದೆ ನಡೆಯುವಷ್ಟು ಎತ್ತರ, ಎರಡಡಿ ಚಿಲ್ಲರೆ ಅಗಲ ಇರುವುದು ಸಾಮಾನ್ಯ. ನೀರು ತಾನಾಗಿ ಹೊರಗೆ ಹರಿಯುವ ಹಾಗೆ ನೆಲಕ್ಕೆ ಸಣ್ಣ ಓಟ ಕೊಟ್ಟಿರುತ್ತಾರೆ. ಒಬ್ಬರೇ ಒಳಗೆ ಹೋಗಬಾರದು, ಹೊರಗೆ ಒಬ್ಬರು ನಿಂತಿರಲೇಬೇಕು. ಕೈಯಲ್ಲಿ ಟಾರ್ಚಿನ ಜೊತೆಗೆ ಉರಿಯುವ ಮೊಂಬತ್ತಿಯೂ ಇರಲಿ. ದೀಪ ಕುಗ್ಗಿದ ಕೂಡಲೇ ತಿರುಗಿ ಬನ್ನಿ, ಅಲ್ಲಿ ಗಾಳಿ ಸಾಲದು. ಸುರಂಗದ ಮಾಡನ್ನು, ಅಂದರೆ ತಲೆಯ ಮೇಲಿನ ಭಾಗವನ್ನು, ನೋಡುತ್ತ ಹೋಗಿ. ಗಟ್ಟಿ ಮುರಕಲ್ಲು ಆದರೆ ತಲೆಮಾರುಗಟ್ಟಲೆ ನಿಲ್ಲುತ್ತದೆ. ನಡುವೆ ಬಿಳಿ ಜೇಡಿಮಣ್ಣಿನ ಪದರ ಕಂಡರೆ, ನೆಲದಲ್ಲಿ ಹೊಸದಾಗಿ ಬಿದ್ದ ಹೆಂಟೆಗಳಿದ್ದರೆ, ಅಲ್ಲಿಂದ ಮುಂದೆ ಹೋಗಬೇಡಿ. ಬಾಯಿಗೆ ಬಲೆ ಹಾಕಿದ ಬಾಗಿಲು ಇಡಿ, ಇಲ್ಲದಿದ್ದರೆ ಮುಳ್ಳುಹಂದಿ ಮತ್ತು ಬಾವಲಿ ಒಳಗೆ ಸೇರಿ ನೀರು ಕೆಡುತ್ತದೆ. ಹೊಸ ಸುರಂಗ ತೆಗೆಸುವುದಾದರೆ ಕೂಲಿ ಕೋಲಿನ ಲೆಕ್ಕದಲ್ಲಿ, 1 ಕೋಲು ಸುಮಾರು 72 ಸೆಂ.ಮೀ. ಎಷ್ಟು ಕೋಲಿಗೆ ನೀರು ಸಿಗುತ್ತದೆಂದು ಯಾರೂ ಖಾತ್ರಿ ಕೊಡಲಾರರು, ಕೆಲಸ ಬಲ್ಲವರೂ ಈಗ ಕಡಿಮೆ. ಆದ್ದರಿಂದ ಹರಿಯುತ್ತಿರುವ ಹಳೆಯ ಸುರಂಗಕ್ಕೆ ಸೆಂಟ್ಸಿಗೆ ಸ್ವಲ್ಪ ಹೆಚ್ಚು ಕ್ರಯ ಕೊಡುವುದು ನಷ್ಟವಲ್ಲ.

ಮೇಲಿನ ಜಾಗದವರು ಬೋರು ತೆಗೆಸಿದ್ದಾರೋ ಎಂದು ವಿಚಾರಿಸಿ. ಮುರಕಲ್ಲಿನಲ್ಲಿ ನಿಂತ ನೀರು ಬೋರಿನ ತೂತಿನಿಂದ ಕೆಳಗಿನ ಬಂಡೆಯ ಬಿರುಕಿಗೆ ಇಳಿದರೆ ಸುರಂಗ ಬಡವಾಗುತ್ತದೆ. ನೀವೂ ಅದೇ ತಪ್ಪು ಮಾಡಬೇಡಿ ಎಂದು ನಮ್ಮ ಕಳಕಳಿಯ ಮಾತು.

ಸುರಂಗದಿಂದ ಮನೆಗೆ ಪೈಪು ಎಳೆಯುವಾಗ ಒಂದು ಇಂಚಿನ ಕಪ್ಪು ಪೈಪು ಸಾಕು. 10 ಮೀಟರ್ ಇಳಿಕೆಗೆ ಚದರ ಸೆಂ.ಮೀ.ಗೆ 1 ಕೆ.ಜಿ.ಯಷ್ಟು ಒತ್ತಡ ಸಿಗುತ್ತದೆ, ಪಂಪು ಬೇಡ. ಕೆಡುವುದು ಎರಡು ಕಡೆ. ಪೈಪು ನಡುವೆ ಎಲ್ಲಾದರೂ ಉಬ್ಬನ್ನು ಹತ್ತಿ ಇಳಿದರೆ ಆ ಉಬ್ಬಿನಲ್ಲಿ ಗಾಳಿ ಸಿಕ್ಕಿಕೊಂಡು ನೀರು ನಿಲ್ಲುತ್ತದೆ. ಸಾಧ್ಯವಾದಷ್ಟು ಒಂದೇ ಓಟದಲ್ಲಿ ಇಳಿಸಿ. ಆಗದಿದ್ದರೆ ಉಬ್ಬಿನ ತುದಿಯಲ್ಲಿ ಟೀ (ಮೂರು ಬಾಯಿಯ ಪೈಪು ಜೋಡಣೆ) ಹಾಕಿ ಗಾಳಿ ಬಿಡಲು ಸಣ್ಣ ವಾಲ್ವು ಕೊಡಿ. ಎರಡನೆಯದು ನೀರು ಪೈಪಿಗೆ ಸೇರುವ ಬಾಯಿ. ಅಲ್ಲಿ ಎಲೆ, ಕಪ್ಪೆ, ಏಡಿಮರಿ ಸಿಕ್ಕಿಕೊಳ್ಳುತ್ತವೆ. ಪೈಪಿನ ತುದಿಗೆ ತೂತು ಕೊರೆದ ಮೊಳದುದ್ದದ ತುಂಡು ಸೇರಿಸಿ ಸೊಳ್ಳೆಬಲೆ ಸುತ್ತಿ, ತಳದಿಂದ ನಾಲ್ಕು ಬೆರಳು ಮೇಲೆ ಕಟ್ಟಿ.

ಊರಿನವರು ತೋಡಿಗೆ ಕಟ್ಟ ಹಾಕುವ ದಿನ ನೀವೂ ಹೋಗಲೇಬೇಕು. ನವೆಂಬರ್ ಕೊನೆ, ಡಿಸೆಂಬರಿನಲ್ಲಿ ಹರಿವು ಇಳಿದ ಮೇಲೆ ಕಲ್ಲು, ಮಣ್ಣು, ಸೊಪ್ಪು, ಅಡಕೆ ಮರದ ತುಂಡು ಸೇರಿಸಿ ಕಟ್ಟುತ್ತಾರೆ. ಬೇಗ ಕಟ್ಟಿದರೆ ತುಲಾ ತಿಂಗಳ ಮಳೆಗೆ ಒಡೆಯುತ್ತದೆ, ತಡಮಾಡಿದರೆ ನಿಲ್ಲಿಸಲು ನೀರೇ ಇರುವುದಿಲ್ಲ. ಕಟ್ಟ ಸೋರುವುದು ಹೆಚ್ಚಾಗಿ ಏಡಿ ಮಾಟೆಗಳಿಂದ (ಬಿಲಗಳಿಂದ). ನೀರು ತುಂಬಿದ ಮರುದಿನ ಕೆಳಬದಿಯಲ್ಲಿ ನಿಂತು ಎಲ್ಲಿ ಒಸರುತ್ತದೆಂದು ಗುರುತಿಸಿ, ಮೇಲ್ಬದಿಯಿಂದ ಜೇಡಿಮಣ್ಣು ತುರುಕಿ ಮೆಟ್ಟಬೇಕು. ನಿಮ್ಮ ಬಾವಿಯ ನೀರು ಮಾರ್ಚಿಯವರೆಗೆ ಏರಿರುವುದು ಈ ಕಟ್ಟದಿಂದಲೇ.

ದಾರಿ ಮತ್ತು ಜೀಪು

ದಾರಿಯ ಏರು ಅಳೆಯಲು 10 ಮೀಟರ್ ಹಗ್ಗವನ್ನು ನೀರುಮಟ್ಟವಾಗಿ ಹಿಡಿದು ಕೆಳತುದಿ ನೆಲದಿಂದ ಎಷ್ಟು ಮೇಲಿದೆ ನೋಡಿ. ಒಂದೂವರೆ ಮೀಟರಿನೊಳಗಾದರೆ ಸಿಮೆಂಟು ತುಂಬಿದ ಪಿಕಪ್ ಬರುತ್ತದೆ. 2 ಮೀಟರ್ ದಾಟಿದರೆ ಮಳೆಗಾಲದಲ್ಲಿ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಯೇ ಗತಿ; ಮನೆ ಕಟ್ಟುವ ಸಾಮಾನನ್ನು ತಲೆಹೊರೆಯಲ್ಲಿ ತರಿಸುವ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಣ್ಣಿನ ದಾರಿ ಕೊಚ್ಚಿಹೋಗುವುದು ಗಾಡಿಯಿಂದಲ್ಲ, ಚಕ್ರದ ಜಾಡಿನಲ್ಲಿ ಓಡುವ ನೀರಿನಿಂದ. 15-20 ಮೀಟರಿಗೊಂದರಂತೆ ಓರೆಯಾಗಿ ಅಡ್ಡಕಣಿ ತೆಗೆದು ನೀರನ್ನು ಕೆಳಬದಿಗೆ ಬಿಡಿ, ಬಿಡುವಲ್ಲಿ ಕಲ್ಲು ಹಾಸಿ. ಕಾಂಕ್ರೀಟು ಹಾಕಿಸುವುದಾದರೆ ಹಸಿಯಿರುವಾಗಲೇ ಅಡ್ಡಗೀರು ಎಳೆಸಿ. ನುಣ್ಣಗಿನ ಕಾಂಕ್ರೀಟು ಆಟಿ ತಿಂಗಳಿಗೆ (ಜುಲೈ-ಆಗಸ್ಟ್) ಪಾಚಿ ಹಿಡಿದು ಕೆಸರಿಗಿಂತ ಹೆಚ್ಚು ಜಾರುತ್ತದೆ. ಬ್ಲೀಚಿಂಗ್ ಪುಡಿ ಹಾಕಿ ತಿಕ್ಕುವುದೊಂದೇ ಮದ್ದು.

ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಹಳೆಯ ಜೀಪು ಕೊಳ್ಳುವಾಗ ಬಣ್ಣ ನೋಡಬೇಡಿ, ಕೆಳಗೆ ನುಗ್ಗಿ ನೋಡಿ. ಪ್ಲೇಟುಗಳನ್ನು (ಸ್ಪ್ರಿಂಗಿನ ಪಟ್ಟಿಗಳನ್ನು) ಚಾಸಿಗೆ ಹಿಡಿದಿರುವ ಬ್ರಾಕೆಟಿನ ಸುತ್ತ ಸುತ್ತಿಗೆಯಿಂದ ತಟ್ಟಿ. ಮೊದ್ದು ಸದ್ದು ಬಂದರೆ ತುಕ್ಕು ಒಳಗೆ ತಿಂದಿದೆ. ಡಿಫರೆನ್ಷಿಯಲಿನ (ಆಕ್ಸಲಿನ ನಡುವಿನ ಗೇರುಗುಂಡಿನ) ಬೋಲ್ಟು ಬಿಚ್ಚಿ ಎಣ್ಣೆ ನೋಡಿ. ಹಾಲು ಬೆರೆಸಿದ ಬಣ್ಣವಿದ್ದರೆ ನೀರು ಸೇರಿದೆ, ಬೇರಿಂಗ್ ಹೋಗಿರಬಹುದು. ಎರಡನೆಯ ಲಿವರಿನಿಂದ ಲೋ ಗೇರಿಗೆ (ನಿಧಾನ ಓಟ, ಹೆಚ್ಚು ಎಳೆತದ ಗೇರು) ಹಾಕಿ ಏರು ಹತ್ತಿಸಿ, ಎಕ್ಸಿಲರೇಟರಿನಿಂದ ಕಾಲು ತೆಗೆದು ಮತ್ತೆ ಒತ್ತಿ. ಲಿವರು ತಾನಾಗಿ ಹಾರಿದರೆ ಆ ಗಾಡಿ ಬೇಡ. 15 ವರ್ಷ ದಾಟಿದ ಗಾಡಿಯ ಆರ್‌ಸಿ ಹೊಸತು ಮಾಡಿದ್ದಾರೋ ನೋಡದೆ ಮುಂಗಡ ಕೊಡಬೇಡಿ.

ಏರು ಹತ್ತುವ ಕ್ರಮ ಹೀಗೆ. ಬುಡದಲ್ಲಿ ನಿಲ್ಲಿಸಿ, ಇಳಿದು ನಡೆದು ದಾರಿ ನೋಡಿ ಬನ್ನಿ. ನಿಂತಲ್ಲೇ ಲೋ ಗೇರಿಗೆ ಹಾಕಿ, ಫಸ್ಟ್ ಅಥವಾ ಸೆಕೆಂಡಿನಲ್ಲಿ ಹೊರಡಿ, ಮೇಲೆ ಮುಟ್ಟುವವರೆಗೆ ಕ್ಲಚ್ಚಿಗೆ ಕಾಲು ತಾಗಿಸಬೇಡಿ. ನಡುವೆ ಎಂಜಿನ್ ನಿಂತುಹೋದರೆ ಹೆಚ್ಚಿನವರು ಕ್ಲಚ್ ಒತ್ತಿ ಗಾಡಿ ತಿರುಗಿಸಲು ನೋಡುತ್ತಾರೆ, ಜೀಪು ಮಗುಚುವುದು ಆಗಲೇ. ಬ್ರೇಕು ಗಟ್ಟಿಯಾಗಿ ಹಿಡಿದು, ಕೈಬ್ರೇಕನ್ನೂ ಎಳೆದು, ರಿವರ್ಸಿಗೆ ಹಾಕಿ, ಎಂಜಿನ್ ಚಾಲೂ ಮಾಡಿ, ಸ್ಟೇರಿಂಗ್ ನೇರವಾಗಿಟ್ಟು ಬಂದ ಜಾಡಿನಲ್ಲೇ ಹಿಂದಕ್ಕೆ ಇಳಿಯಿರಿ. ಮುಂದಕ್ಕೆ ಇಳಿಯುವಾಗಲೂ ಲೋ ಫಸ್ಟಿನಲ್ಲಿ ಎಂಜಿನ್ನೇ ಹಿಡಿಯಲಿ. ಬ್ರೇಕು ಒತ್ತಿ ಚಕ್ರ ನಿಂತರೆ ಗಾಡಿ ಜಾರುಬಂಡಿಯಾಗುತ್ತದೆ.

ಕೆಸರಿನಲ್ಲಿ ಟಯರಿನ ಗಾಳಿಯನ್ನು 30 ಪಿಎಸ್‌ಐಯಿಂದ 20-22ಕ್ಕೆ ಇಳಿಸಿದರೆ ಹಿಡಿತ ಹೆಚ್ಚುತ್ತದೆ; ಡಾಮರು ಮುಟ್ಟಿದ ಮೇಲೆ ಮತ್ತೆ ತುಂಬಿಸಬೇಕು, ಆದ್ದರಿಂದ ಸಣ್ಣ ಪಂಪು ಗಾಡಿಯಲ್ಲಿರಲಿ. ಒಣ ಡಾಮರಿನಲ್ಲಿ ನಾಲ್ಕು ಚಕ್ರದ ಗೇರು ಹಾಕಿಟ್ಟುಕೊಂಡು ಓಡಿಸಬೇಡಿ. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಓಡುತ್ತವೆ, ಆ ವ್ಯತ್ಯಾಸಕ್ಕೆ ಒಳಗಿನ ಶಾಫ್ಟು ತಿರುಚಿಕೊಳ್ಳುತ್ತದೆ. ತೋಡು ದಾಟುವ ಮೊದಲು ಕೋಲು ಊರಿ ನಡೆದು ನೋಡಿ. ಚಕ್ರದ ನಡು ಮುಳುಗುವಷ್ಟಿದ್ದರೆ, ಕೆಂಪುನೀರಿನ ಓಟವಿದ್ದರೆ ಕಾಯಿರಿ. ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಹಗುರಕ್ಕೆ ಒತ್ತುತ್ತ ಹೋದರೆ ಲೈನರು ಒಣಗುತ್ತದೆ. ಮಳೆಗಾಲ ಪೂರ್ತಿ ಗಾಡಿಯಲ್ಲಿರಬೇಕಾದವು: 20 ಅಡಿಯ ದಪ್ಪ ಹಗ್ಗ, ಶ್ಯಾಕಲ್ (ಹಗ್ಗ ಸಿಕ್ಕಿಸುವ ಕಬ್ಬಿಣದ ಕೊಂಡಿ) ಎರಡು, ಹಿಂಚಕ್ರಕ್ಕೆ ಚೈನು, ಜ್ಯಾಕಿನಡಿಗೆ ಹಲಗೆ, ಹಾರೆ, ಕತ್ತಿ.

ಜೀಪು ಇದೆಯೆಂದು ಕಾಡಿಗೋ ಹುಲ್ಲುಗುಡ್ಡೆಗೋ ನುಗ್ಗಿಸಬೇಡಿ. ಅನುಮತಿಯಿಲ್ಲದೆ ಕಾಯ್ದಿಟ್ಟ ಕಾಡಿಗೆ ಹೋಗುವುದು ಅಪರಾಧ. ರಾಣಿಪುರಂನ ಹುಲ್ಲುಗಾವಲಿಗೆ ಟಿಕೆಟ್ ಪಡೆದು ನಡೆದೇ ಹತ್ತಬೇಕು. ಹುಲ್ಲಿನ ಮೇಲೆ ಬಿದ್ದ ಒಂದು ಚಕ್ರದ ಜಾಡು ಮುಂದಿನ ಮಳೆಗೆ ಕೊರಕಲಾಗುತ್ತದೆ. ಗಾಡಿಯ ಖುಷಿಗೆ ಸ್ವಂತ ಜಾಗ, ಒಡೆಯರು ಒಪ್ಪಿದ ರಬ್ಬರ್ ತೋಟದ ದಾರಿ ಸಾಕಷ್ಟಿದೆ.

ಮನೆಯ ಜಾಗ

10 ಮೀಟರಿಗೆ 4 ಮೀಟರ್ ಏರುವ ಇಳಿಜಾರು ಅಂದರೆ ಸುಮಾರು 22 ಡಿಗ್ರಿ. ಅದಕ್ಕಿಂತ ಕಡಿದಾದಲ್ಲಿ ಜೇಸಿಬಿ ಇಟ್ಟು ಮಟ್ಟ ಮಾಡಿ ಮನೆ ಕಟ್ಟುವುದು ಬೇಡ. ಕಡಿಮೆ ಇಳಿಜಾರಿನಲ್ಲೂ ಕಡಿದ ದರೆ (ಗುಡ್ಡೆ ಕಡಿದಾಗ ಉಳಿಯುವ ನೆಟ್ಟಗಿನ ಮಣ್ಣು) ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ಗೋಡೆ ಇರಲಿ. ಬೇಸಿಗೆಯಲ್ಲಿ ಒಣಗಿ ಚಪ್ಪಟೆಯಾಗಿ ಕಾಣುವ ತೋಡಿನ ಪಾತ್ರೆ ಎಷ್ಟು ಚಂದವಿದ್ದರೂ ಅಲ್ಲಿ ಅಡಿಪಾಯ ಹಾಕಬಾರದು, ನೀರು ತನ್ನ ದಾರಿಗೆ ಮತ್ತೆ ಬರುತ್ತದೆ. ಕಡಿದಾದ ಗುಡ್ಡೆಯಲ್ಲಿ ಇಂಗುಗುಂಡಿಯೂ ಬೇಡ. ಮರಗಳ ಬುಡ ಒಂದೇ ದಿಕ್ಕಿಗೆ ಬಾಗಿದ್ದರೆ, ನೆಲದಲ್ಲಿ ಹೊಸ ಬಿರುಕು ಕಂಡರೆ, ತಿಳಿಯಾಗಿ ಬರುತ್ತಿದ್ದ ಒರತೆ ಜಡಿಮಳೆಯಲ್ಲಿ ಕೆಸರಾದರೆ ಅಥವಾ ಥಟ್ಟನೆ ನಿಂತರೆ ಸಾಮಾನು ನೋಡದೆ ಮನೆ ಬಿಡಿ.

ಮಾಡಿನ ಇಳಿ ಗೋಡೆಯಿಂದ ಮೂರು-ನಾಲ್ಕು ಅಡಿ ಹೊರಗಿರಲಿ, ಪಡುಬದಿಗೆ ತಟ್ಟಿ ಕಟ್ಟಲು ಕೊಂಡಿ ಇರಲಿ. ಎಪ್ರಿಲ್-ಮೇ, ಅಕ್ಟೋಬರ್-ನವೆಂಬರಿನ ಸಿಡಿಲು ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಹೆಚ್ಚು. ಒಣ ಮುರಕಲ್ಲಿಗೆ ವಿದ್ಯುತ್ತು ಸುಲಭವಾಗಿ ಇಳಿಯುವುದಿಲ್ಲ. ಆದ್ದರಿಂದ ಅರ್ತಿಂಗ್ ಗುಂಡಿಯನ್ನು ಬಚ್ಚಲ ನೀರು ಹೋಗುವ ಕಡೆ ತೆಗೆದು, 3 ಮೀಟರಿನ ಜಿಐ ಪೈಪು ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಹೊಯ್ಯಿರಿ. ಅಷ್ಟು ಮಾಡಿದರೂ ಗುಡುಗು ಕೇಳಿದ ಕೂಡಲೇ ಟಿವಿ, ಫ್ರಿಜ್ಜು, ಪಂಪಿನ ಪ್ಲಗ್ ಎಳೆದಿಡಬೇಕು. ಗಾಳಿಮಳೆಗೆ ಕರೆಂಟು ದಿನಗಟ್ಟಲೆ ಹೋಗುವುದುಂಟು. 150 ಎಎಚ್ ಬ್ಯಾಟರಿಯಲ್ಲಿ ಒಂದು ಫ್ಯಾನು, ಮೂರು ಎಲ್‌ಇಡಿ ಎಂಟು-ಒಂಬತ್ತು ಗಂಟೆ ನಡೆಯುತ್ತವೆ. ಸೋಲಾರ್ ಪ್ಯಾನೆಲು ಜುಲೈಯಲ್ಲಿ ಅಷ್ಟಾಗಿ ತುಂಬಿಸಲಾರದು.

ಕಾಗದಪತ್ರದಲ್ಲಿ ಆಧಾರ (ಜಾಗದ ಕ್ರಯಪತ್ರ), ಈ ವರ್ಷದ ತೆರಿಗೆ ರಶೀದಿ, ಋಣಭಾರ ಪತ್ರ ಎಲ್ಲರೂ ನೋಡುತ್ತಾರೆ. ಗುಡ್ಡೆಯಲ್ಲಿ ಜಗಳವಾಗುವುದು ಬೇರೆ ಎರಡು ವಿಷಯಕ್ಕೆ. ಸುರಂಗ ಅಥವಾ ಅದರ ಪೈಪು ಇನ್ನೊಬ್ಬರ ಜಾಗದಲ್ಲಿದ್ದರೆ ನೀರಿನ ಹಕ್ಕನ್ನೂ, ದಾರಿ ಎಷ್ಟು ಅಡಿ ಅಗಲವೆಂಬುದನ್ನೂ ಆಧಾರದಲ್ಲೇ ಬರೆಸಿ. ಬಾಯಿಮಾತು ಮುಂದಿನ ತಲೆಮಾರಿಗೆ ನಡೆಯುವುದಿಲ್ಲ. ತಗ್ಗಿನ ಜಾಗ ಗದ್ದೆಯೆಂದು ಡೇಟಾ ಬ್ಯಾಂಕಿನಲ್ಲಿದ್ದರೆ (ಸರಕಾರದ ಗದ್ದೆಗಳ ಪಟ್ಟಿ) ಕೇರಳದ 2008ರ ಗದ್ದೆ ಸಂರಕ್ಷಣೆಯ ಕಾನೂನಿನಂತೆ ಹಾಗೆಯೇ ಮಣ್ಣು ತುಂಬಿಸಿ ಮನೆ ಕಟ್ಟಲಾಗದು, ಮೊದಲೇ ಕೃಷಿಭವನದಲ್ಲಿ ಕೇಳಿ. ರಿಜಿಸ್ಟ್ರಿಗೆ ಮುದ್ರಾಂಕ 8 ಶೇಕಡ, ಶುಲ್ಕ 2 ಶೇಕಡ ಬೇರೆಯೇ ತೆಗೆದಿಡಿ.

ಆನೆ ಬರುವ ಕಡೆ ಮನೆ ಹತ್ತಿರ ಬಾಳೆ ಮತ್ತು ಹಲಸಿನ ಹಣ್ಣು ಬಿಡಬೇಡಿ, ರಾತ್ರಿ ಬೈಕಿನಲ್ಲಿ ಒಬ್ಬರೇ ಬರಬೇಡಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಕಾಲು ಅಲುಗಿಸದೆ ಹೊತ್ತು ತಂದು ಗಾಡಿಗೆ ಹಾಕಿ. ವಿಷಕ್ಕೆ ಮದ್ದು ಇರುವ ಆಸ್ಪತ್ರೆ ಯಾವುದು, ಅಲ್ಲಿಗೆ ಮಳೆಯಲ್ಲಿ ಎಷ್ಟು ಹೊತ್ತು ಬೇಕು ಎಂದು ಮೊದಲ ವಾರವೇ ತಿಳಿದು ಗೋಡೆಯಲ್ಲಿ ಬರೆದಿಡಿ. ಕೆಸರಿನಲ್ಲಿ ಕೆಲಸ ಮಾಡುವವರು ಇಲಿಜ್ವರದ ಗುಳಿಗೆಯ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ಕೇಳಬೇಕು.

ಪತ್ತನಾಜೆಯೊಳಗೆ (ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಯ ಸುಮಾರಿಗೆ) ಮುಗಿಯಬೇಕಾದ ಕೆಲಸಗಳಿವೆ: ಸೌದೆ ಒಳಗೆ, ಅಡ್ಡಕಣಿ ಕೆರೆದು ಚೊಕ್ಕ, ಮಾಡಿನ ಮೇಲೆ ಬಾಗಿದ ಗೆಲ್ಲು ಕಡಿದು ಕೆಳಗೆ, ಜೀಪಿಗೆ ಹೊಸ ಬ್ರೇಕ್ ಲೈನರು ಮತ್ತು ಡಿಫರೆನ್ಷಿಯಲ್ ಎಣ್ಣೆ, ಎರಡು ವಾರಕ್ಕೆ ಸಾಲುವ ಅಕ್ಕಿ, ಉಪ್ಪುಸೊಳೆಯ (ಉಪ್ಪಿನಲ್ಲಿಟ್ಟ ಹಲಸಿನ ತೊಳೆಯ) ಭರಣಿ ಅಟ್ಟದಡಿಗೆ. ಲೈನರು ಹಾಕಿಸುವುದನ್ನು ಮೇ ಮೊದಲ ವಾರದಲ್ಲೇ ಮಾಡಿ. ಆಮೇಲೆ ಎಲ್ಲರೂ ಒಟ್ಟಿಗೆ ಬರುವುದರಿಂದ ವರ್ಕ್‌ಶಾಪಿನಲ್ಲಿ ಜಾಗ ಸಿಗುವುದಿಲ್ಲ.