ಸೆಕೆಗಾಲದಲ್ಲಿ ಮನೆಯ ಹಿರಿಯರ ಮೇಲೆ ಒಂದು ಕಣ್ಣಿರಲಿ

ಹವಾಮಾನ ಬದಲಾಗಿ ಬಿಸಿಲು ಜಾಸ್ತಿಯಾಗಿದೆ ಅಂತ ಎಲ್ಲರೂ ಮಾತಾಡ್ತೀವಿ. ಆದರೆ ನಾವು ಲೆಕ್ಕಕ್ಕೇ ಹಿಡಿಯದ್ದು ರಾತ್ರಿಯ ಸೆಕೆ. ಹಗಲೆಲ್ಲ ಕಾದ ಮೈ ರಾತ್ರಿ ತಣಿಯಬೇಕು. ಅದಾಗದಿದ್ದರೆ ಹೃದಯಕ್ಕೆ, ಮೂತ್ರಪಿಂಡಕ್ಕೆ ಬಿಡುವೇ ಸಿಗಲ್ಲ.

ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗೋದು ಕಡಿಮೆ, ಬೆವರೂ ಕಡಿಮೆ. ನಮ್ಮ ಅಮ್ಮನ ಮಂಚದ ಪಕ್ಕ ರಾತ್ರಿ ಇಟ್ಟ ಚೊಂಬು ಬೆಳಿಗ್ಗೆ ತುಂಬಿದ ಹಾಗೇ ಇತ್ತು, ತುಟಿ ಮಾತ್ರ ಒಣಗಿ ಬಿರುಕುಬಿಟ್ಟಿತ್ತು. ಅವತ್ತಿನಿಂದ "ನೀರು ಬೇಕಾ" ಅಂತ ಕೇಳೋದೇ ಬಿಟ್ಟೆ. ಲೋಟ ಕೈಗೆ ಕೊಟ್ಟು, ಕುಡಿಯೋವರೆಗೂ ಪಕ್ಕದಲ್ಲೇ ಕೂರ್ತೀನಿ.

ಹಗಲು ಕಿಟಕಿ ಮುಚ್ಚಿ ಪರದೆ ಎಳೆಯಿರಿ, ಹೊರಗೆ ತಣ್ಣಗಾದ ಮೇಲೆ ತೆರೆಯಿರಿ. 40 ಡಿಗ್ರಿ ದಾಟಿದರೆ ಫ್ಯಾನ್ ಬಿಸಿಗಾಳಿಯನ್ನೇ ಮೈಗೆ ಬೀಸುತ್ತೆ, ಆಗ ಒದ್ದೆ ಬಟ್ಟೆಯಿಂದ ಮೈ ಒರೆಸೋದು ಮೇಲು.

ಬಿಪಿಗೆ, ಹೃದಯಕ್ಕೆ ಕೊಡುವ ಕೆಲವು ಮಾತ್ರೆಗಳು, ಮುಖ್ಯವಾಗಿ ಮೂತ್ರ ಹೆಚ್ಚಿಸುವಂಥವು, ದೇಹದ ನೀರನ್ನು ಇನ್ನಷ್ಟು ತಗ್ಗಿಸುತ್ತವೆ. ನೀವಾಗಿಯೇ ನಿಲ್ಲಿಸಬೇಡಿ. ಬೇಸಿಗೆಗೆ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಎಷ್ಟು ನೀರು ಕೊಡಬಹುದು ಅಂತಲೂ ಕೇಳಿ.

ಮಾತು ತೊದಲಿದರೆ, ಗೊಂದಲವಾದರೆ, ಮೈ ಕೆಂಡದಂತೆ ಸುಟ್ಟರೆ ಅದು ಬರೀ ಸುಸ್ತಲ್ಲ, ಶಾಖಾಘಾತ ಇರಬಹುದು. ತಕ್ಷಣ ಆಂಬುಲೆನ್ಸ್ ಕರೆಸಿ. ಬರೋವರೆಗೂ ಮೈಮೇಲೆ ತಣ್ಣೀರು ಹಾಕಿ ಗಾಳಿ ಬೀಸುತ್ತಿರಿ, ಕತ್ತು, ಕಂಕುಳಿಗೆ ಐಸ್ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಲೇಬೇಡಿ, ಶ್ವಾಸಕೋಶಕ್ಕೆ ಇಳಿದುಬಿಡುತ್ತೆ.