ಥಂಡ್ಯಾಗ ಮನ್ಯಾಗ ಮಾಡೋ ಕುಸುರೆಳ್ಳು, ಆಮ್ಯಾಲ ಅದರ ದಾಗೀನ

ಸೊಲ್ಲಾಪುರದ ಹತ್ತರ ಇರೋ ನಮ್ಮ ಅಕ್ಕಲಕೋಟ ಕಡೆ ಎಳ್ಳ ಅಮವಾಸಿ ಮುಗೀತಂದ್ರ ಮುಂಜಾನಿ ಥಂಡಿ ಖರೇನs ಹತ್ಲಿಕ್ಕೆ ಶುರು ಆಗ್ತದ, ಎಲ್ಲಾರೂ ಸ್ವೆಟರ್ ಹುಡುಕ್ಯಾಡ್ತಾರ, ನಾ ಮಾತ್ರ ಎಳ್ಳು ಆರಿಸಲಿಕ್ಕೆ ಕೂಡ್ತೀನಿ. ಯಾಕಂದ್ರ ಕುಸುರೆಳ್ಳು, ಅಂದ್ರ ಸಕ್ಕರಿ ಪಾಕ ಏರಿಸಿ ಮುಳ್ಳು ಬರಿಸಿದ ಎಳ್ಳು, ಮಾಡ್ಲಿಕ್ಕೆ ಬರೇ ಎಳ್ಳು ಸಕ್ಕರಿ ಇದ್ರ ಸಾಲೂದಿಲ್ಲ, ಥಂಡಿನೂ ಬೇಕು. ಮಳಿಗಾಲದಾಗ ಹವಾದಾಗ ಪಸಿ ಇರ್ತದ, ಪಾಕ ಒಣಗೂದs ಇಲ್ಲ, ಎಲ್ಲಾ ಅಂಟಿಕೊಂಡು ಗಂಟಾಗ್ತದ. ಪುಷ್ಯದಾಗ ಹವಾ ಒಣಾ ಇರ್ತದ, ಥಣ್ಣಗೂ ಇರ್ತದ, ಪಾಕ ಕಾಳಿನ ಮ್ಯಾಲ ಬಿದ್ದ ಕೂಡ್ಲೇ ಹೆಪ್ಪುಗಟ್ಟಿ ಸಣ್ಣ ಸಣ್ಣ ಮುಳ್ಳಾಗಿ ಎದ್ದು ನಿಂದರ್ತದ. ಆ ಮುಳ್ಳು ನೋಡೋ ಖುಷಿಗೇನs ನಾ ವರ್ಷಾ ವರ್ಷಾ ಮಾಡ್ತೀನಿ. ಸಂಕ್ರಾಂತಿಗೆ ಅಂಗಡ್ಯಾಗ ಪಾಕೀಟ್ ಸಿಗ್ತಾವ, ಸೋವಿನೂ ಸಿಗ್ತಾವ, ಆದ್ರ ಮನ್ಯಾಗಿಂದು ಬಾಯಾಗ ಇಟ್ರ ಮೊದಲು ಮುಳ್ಳು ಕರಗಿ, ಆಮ್ಯಾಲ ಹುರಿದ ಎಳ್ಳಿನ ವಾಸನಿ ಬರ್ತದ ನೋಡ್ರಿ, ಅದು ಪಾಕೀಟದಾಗ ನನಗ ಸಿಕ್ಕಿಲ್ಲ.

ನಾ ಮಾಡೋ ರೀತಿ ಹೇಳ್ತೀನಿ. ಬಿಳಿ ಎಳ್ಳು 50 ಗ್ರಾಂ ಸಾಕು, ಜಾಸ್ತಿ ಹಾಕಬ್ಯಾಡ್ರಿ, ಅದs ಅರ್ಧಾ ಕಿಲೋ ಸಕ್ಕರಿ ಕುಡೀತದ. ಎಳ್ಳಿನ್ಯಾಗಿನ ಕಲ್ಲು ಆರಿಸಿ, ಸಣ್ಣ ಉರಿ ಮ್ಯಾಲ ಬೆಚ್ಚಗ ಆಗೂತನಕ ಹುರದು ತಗೀಬೇಕು, ಬಣ್ಣ ಬದಲಾಗಬಾರದು. ಸಕ್ಕರಿ ಮುಳುಗುವಷ್ಟು ನೀರು ಹಾಕಿ ಕುದಿಸ್ರಿ, ಕುದಿ ಬಂದಾಗ ಎರಡು ಚಮಚ ಹಾಲು ಬಿಟ್ರ ಹೊಲಸೆಲ್ಲ ನೊರಿ ಆಗಿ ಮ್ಯಾಲ ಬರ್ತದ, ಅದನ್ನ ತಗದು ಹಾಕಿ ತೆಳ್ಳನ ಅರಬ್ಯಾಗ ಸೋಸಬೇಕು. ಪಾಕ ಸ್ವಚ್ಛ ಇದ್ದಷ್ಟು ಕಾಳು ಬೆಳ್ಳಗಾಗ್ತಾವ. ಬೆರಳಾಗ ಹಿಡದ್ರ ಸಣ್ಣ ಎಳಿ ಬಂದು ಪಟ್ಟನ ಹರೀಬೇಕು, ಅಲ್ಲಿಗೆ ಇಳಿಸಿಬಿಡ್ರಿ. ದಪ್ಪ ಆದ್ರ ಕಾಳಿಗೆ ಹತ್ತೂದಿಲ್ಲ, ಪುಡಿ ಪುಡಿ ಆಗಿ ಉದುರ್ತದ.

ಮೊದಲೆಲ್ಲ ನಮ್ಮ ಅತ್ತಿಯವರು ಇದ್ದಿಲ ಶೇಗಡಿ ಮ್ಯಾಲ ಕಲಾಯಿ ಹಾಕಿದ ಹಿತ್ತಾಳಿ ಪರಾತ ಇಟ್ಟು ಮಾಡ್ತಿದ್ರು. ನಾನು ಗ್ಯಾಸ್ ಸಣ್ಣ ಮಾಡಿ, ಅದರ ಮ್ಯಾಲ ರೊಟ್ಟಿ ಹಂಚು, ಹಂಚಿನ ಮ್ಯಾಲ ದಪ್ಪ ತಳದ ಪರಾತ ಇಡ್ತೀನಿ, ಹಿಂಗ ಮಾಡಿದ್ರ ಶಾಖ ಎಲ್ಲಾ ಕಡೆ ಒಂದs ಸಮಾ ಬರ್ತದ. ಕೈ ಇಟ್ರ ಬಿಸಿ ಹತ್ತಬೇಕು, ಆದ್ರ ಸುಡಬಾರದು, ಯಾಕಂದ್ರ ಇಲ್ಲಿ ಸೌಟು ಉಪಯೋಗ ಇಲ್ಲ, ಬೆರಳs ಬೇಕು. ಎಳ್ಳು ಹಾಕಿ ಅರ್ಧ ಚಮಚ ಪಾಕ ಬಿಟ್ಟು ಐದೂ ಬೆರಳು ಅಗಲಿಸಿ ಸವಕಾಶ ಆಡಸ್ತಾ ಇರಬೇಕು. ಮೊದ್ಲು ಎಲ್ಲಾ ಕೂಡಿ ಮುದ್ದಿ ಆಗ್ತದ, ಅಂಜಬ್ಯಾಡ್ರಿ, ಆಡಸ್ತಾ ಆಡಸ್ತಾ ಒಂದೊಂದs ಕಾಳು ಬಿಡಿಯಾಗಿ ಪರಾತದಾಗ ಸರಸರ ಸಪ್ಪಳ ಮಾಡ್ತಾವ. ಆ ಸಪ್ಪಳ ಬರೂತನಕ ಎರಡನೇ ಅರ್ಧ ಚಮಚ ಬಿಡೂಹಂಗಿಲ್ಲ, ಇದೊಂದು ನೆನಪಿಡ್ರಿ, ಉಳಿದಿದ್ದೆಲ್ಲ ತಾನs ಬರ್ತದ.

ಒಂದs ದಿನಕ್ಕ ಮುಗೀತದ ಅಂತ ಕೂಡಬ್ಯಾಡ್ರಿ. ನಸಿಕಿನ್ಯಾಗ ಥಂಡಿ ಭಾಳ ಇರೋ ಹೊತ್ತಿನ್ಯಾಗ ತಾಸೆರಡು ತಾಸು ಮಾಡಿ, ಬಟ್ಟಿ ಮುಚ್ಚಿ ಇಟ್ಟು, ಮರುದಿನ ಮತ್ತ ಶುರು ಮಾಡೂದು, ಹಿಂಗ ಮೂರ್ನಾಕು ಮುಂಜಾನಿ ಹಿಡೀತದ. ಮೊದಲನೇ ದಿನ ಎಳ್ಳು ಬೆಳ್ಳಗಷ್ಟ ಆಗಿರ್ತದ, ಎರಡನೇ ದಿನ ಗುಂಡಗ ಆಗ್ತದ, ಮುಳ್ಳು ಕಾಣೂದು ಆಮ್ಯಾಲ. ಬಿಸಲಿಗೆ ಹಿಡದು ನೋಡ್ರಿ, ಒಂದೊಂದು ಕಾಳಿನ ಸುತ್ತ ಮುಳ್ಳಿನ ತುದಿ ಮಿಂಚ್ತಾವ. ಮುಳ್ಳು ಬರ್ಲಿಕ್ಕೆ ಶುರುವಾದ ಮ್ಯಾಲ ಪಾಕ ಇನ್ನಾ ಕಡಿಮಿ ಬಿಡಬೇಕು, ಗಡಬಡಿ ಮಾಡಿ ಜಾಸ್ತಿ ಬಿಟ್ರ ಎದ್ದ ಮುಳ್ಳೆಲ್ಲ ಕರಗಿ ಸಪಾಟ ಆಗ್ತಾವ. ಬಣ್ಣ ಬೇಕಂದ್ರ ಕಡೀ ಪಾಕಕ್ಕ ಕೇಸರಿ ಹಾಕ್ರಿ, ನಾ ಅರ್ಧ ಹಂಗ ಮಾಡಿ ಅರ್ಧ ಬೆಳ್ಳಗs ಬಿಡ್ತೀನಿ.

ನಾ ಪರಾತದ ಮುಂದ ಕೂತಾಗ ನಮ್ಮ ಅತ್ತಿಯವರು ಬಾಜೂ ಒಲಿಮ್ಯಾಲ ಸಜ್ಜಿ ರೊಟ್ಟಿ ಬಡೀತಾರ. ಥಂಡ್ಯಾಗ ಸಜ್ಜಿ ಮೈಗೆ ಬಿಸಿ ಅಂತಾರ ಹಿರ್ಯಾರು. ಎಸರಿಗೆ ಹಿಟ್ಟು ಕಲಸಿ, ನಾದಿ, ಬಡದು, ಮ್ಯಾಲ ಎಳ್ಳು ಉದುರಿಸಿ ಕೈಲೆ ಒತ್ತಿ ಹಂಚಿಗೆ ಹಾಕ್ತಾರ. ಹಿಟ್ಟು ಮಾತ್ರ ವಾರಕ್ಕ ಸಾಲುವಷ್ಟs ಬೀಸಿಸ್ರಿ, ಜೋಳದಕ್ಕಿಂತ ಸಜ್ಯಾಗ ಎಣ್ಣಿ ಅಂಶ ಜಾಸ್ತಿ, ಲಗೂನ ಕಮಟಾಗಿ ಕಹಿ ಆಗ್ತದ. ಜೋಡಿ ಶೇಂಗಾ ಚಟ್ನಿ ಇದ್ದs ಇರ್ತದ, ಒರಳಾಗ ಕುಟ್ಟಿದ್ದು. ಮಿಕ್ಸರ್‌ದಾಗ ತಿರುವಿದ್ರ ಪುಡಿ ಆಗ್ತದ, ಒರಳಾಗ ಕುಟ್ಟಿದ್ರ ಶೇಂಗಾದ ಎಣ್ಣಿ ಬಿಟ್ಟು ಚಟ್ನಿ ಮುದ್ದಿಯಾಗಿ ಬರ್ತದ. ಸೊಲ್ಲಾಪುರ ಚಟ್ನಿ ಅಂತ ಊರೂರಿಗೆ ಹೋಗೂದು ಇದs.

ಕುಸುರೆಳ್ಳು ಆದ ಮ್ಯಾಲ ದಾಗೀನದ ಕೆಲಸ. ಮಹಾರಾಷ್ಟ್ರದಾಗ ಈ ಪದ್ಧತಿ ಭಾಳ ಅದ, ಹೊಸಾ ಮದಿವಿಯಾದ ಹೆಣ್ಮಗಳಿಗೆ ಮೊದಲನೇ ಸಂಕ್ರಾಂತಿಗೆ ಕರೀ ಸೀರಿ ಉಡಿಸಿ ಕುಸುರೆಳ್ಳಿನ ದಾಗೀನ ಹಾಕ್ತಾರ, ಸಣ್ಣ ಕೂಸಿಗೆ ಕರಿ ಎರಿಯೋವಾಗನೂ, ಅಂದ್ರ ತಲಿಮ್ಯಾಲ ಬಾರಿಹಣ್ಣು ಚುರಮುರಿ ಸುರಿಯೋವಾಗನೂ, ಹಾಕ್ತಾರ. ಹೋದ ವರ್ಷ ನಮ್ಮ ಮೈದುನನ ಮಗಳದು ಮೊದಲನೇ ಕರಿ ಇತ್ತು, ಬಾಜೂ ಮನಿ ಮರಾಠಿ ವೈನಿ ಬಂದು ಕೂತು ಗಂಟು ಹಾಕೂದು ಕಲಿಸಿದ್ರು. ಕಾಳಿಗೆ ತೂತು ಹಾಕ್ಲಿಕ್ಕೆ ಹೋದ್ರ ಒಡೀತದ, ಅದಕ್ಕ ಬಿಳಿ ದಾರದಾಗ ಸಣ್ಣ ಕುಣಿಕಿ ಮಾಡಿ, ಅದರಾಗ ಕಾಳು ಕೂಡಿಸಿ ಬಿಗಿ ಎಳೀಬೇಕು, ಮುಳ್ಳಿನ ಸಂದ್ಯಾಗ ದಾರ ಸಿಕ್ಕೊಂಡು ಗಟ್ಟಿ ನಿಂದರ್ತದ. ಮುಳ್ಳು ಚೊಲೋ ಬಂದಿದ್ರ ದಾಗೀನನೂ ಚೊಲೋ ಬರ್ತದ, ಸಪಾಟ ಕಾಳು ಜಾರಿ ಬೀಳ್ತದ. ಹಾರಕ್ಕ ದೊಡ್ಡ ಕಾಳು ಬೇಕಂದ್ರ ಎಳ್ಳಿನ ಬದಲಿ ಸಾಬೂದಾಣಿ ಇಟ್ಟು ಇದs ರೀತಿ ಪಾಕ ಏರಸ್ರಿ. ಕಿರೀಟಕ್ಕ, ಬಾಜೂಬಂದಕ್ಕ ರಟ್ಟು ಕತ್ತರಿಸಿ, ಕರೀ ಬಟ್ಟಿ ಸುತ್ತಿ, ಅದರ ಮ್ಯಾಲ ದಾರ ಹೊಲೀಬೇಕು, ಕರೀ ಮ್ಯಾಲ ಬಿಳಿ ಎಷ್ಟು ಚಂದ ಕಾಣ್ತದ ಅಂದ್ರ ಖರೇ ಮುತ್ತಿನ್ದು ಬ್ಯಾಡ ಅನಸ್ತದ.

ಜರಿ, ಟಿಕಳಿ, ದಾರ ಇಂಥಾವೆಲ್ಲ ಸೊಲ್ಲಾಪುರದಿಂದ ತರ್ತೀವಿ, ಸಿದ್ಧರಾಮೇಶ್ವರ ಜಾತ್ರಿ ಸಂಕ್ರಾಂತಿ ಹೊತ್ತಿಗೇನs ಬರ್ತದ, ನಂದಿಕೋಲು ಹೊರಡೂದು ನೋಡೂದೂ ಆಗ್ತದ. ಆದ್ರ ಸಾಮಾನು ಜಾತ್ರಿಗೆ ಮೊದ್ಲs ತಂದಿಡ್ರಿ, ಆ ಗದ್ದಲದಾಗ ಅಂಗಡಿ ಮುಂದ ನಿಂದರ್ಲಿಕ್ಕೂ ಆಗೂದಿಲ್ಲ.

ಕರಿ ಎರಿಯೂದು ಅಂದ್ರ ಕೂಸಿನ್ನ ಮಣಿ ಮ್ಯಾಲ ಕೂಡಿಸಿ ಬಾರಿಹಣ್ಣು, ಕಬ್ಬಿನ ತುಂಡು, ಚುರಮುರಿ, ಚಿಲ್ಲರ ರೊಕ್ಕ ಎಲ್ಲಾ ಕೂಡಿಸಿ ಪಾವಿಲೆ ತಲಿಮ್ಯಾಲ ಎರೀತಾರ, ಸುತ್ತ ಕೂತ ಹುಡುಗರು ಆರಿಸ್ಕೊಳ್ಳಲಿಕ್ಕೆ ಬಡದಾಡ್ತಾರ. ನಮ್ಮ ಕೂಸು ಎರಿಯೋದು ಮುಗಿಯೂದರಾಗ ಬಾಜೂಬಂದ ಬಾಯಾಗ ಹಾಕ್ಕೊಂಡು ಚೀಪಿ ಅರ್ಧ ಮುಗಿಸಿತ್ತು, ಅದನ್ನ ನೋಡಿ ನಮ್ಮ ಅತ್ತಿಯವರು ನಕ್ಕಿದ್ದs ನಕ್ಕಿದ್ದು.

ಅದಕ್ಕs ಹೇಳ್ತೀನಿ, ಕೂಸಿನ ದಾಗೀನಕ್ಕ ಅಂಗಡಿ ಗೋಂದು ಹಚ್ಚಬ್ಯಾಡ್ರಿ, ಎಲ್ಲೆರೆ ಅಂಟಸೂದೇ ಇದ್ರ ಮೈದಾ ಕುದಿಸಿದ ಅಂಟು ಹಚ್ರಿ, ಟಿಕಳಿ ಜರಿ ಕೂಸಿನ ಕೈಗೆ ಬಾಯಿಗೆ ಸಿಗದಂಗ ಕಿರೀಟಕ್ಕ ಅಷ್ಟs ಇಡ್ರಿ, ಬಿಡಿ ಕಾಳು ಗಂಟಲಿಗೆ ಸಿಗಬಾರದು ಹಂಗಂತ ಒಬ್ಬರು ಬಾಜೂಕ್ಕs ಕೂತಿರ್ರಿ. ದಾಗೀನ ಮುಂದಿನ ವರ್ಷಕ್ಕ ಇಡ್ಲಿಕ್ಕೆ ಹೋಗಬ್ಯಾಡ್ರಿ, ಪಸಿ ಹಿಡದು ಇರಿವಿ ಮುತ್ತತಾವ. ಉಳಿದ ಬಿಡಿ ಕುಸುರೆಳ್ಳು ಗಟ್ಟಿ ಮುಚ್ಚಳದ ಡಬ್ಬ್ಯಾಗ ಹಾಕಿಟ್ರ ರಥಸಪ್ತಮಿತನಕ ಮನಿಗೆ ಬಂದೋರ ಕೈಯಾಗ ಹಾಕ್ಲಿಕ್ಕೆ ಆಗ್ತಾವ.