ಹಾಡು ಬಿಟ್ಟ ಜಾಗದಲ್ಲಿ ಕಥೆ ಹುಡುಕಿ

ಕಥೆ ಬರೆಯೋಕೆ ಕೂತು ಏನೂ ಹೊಳೆಯದವರಿಗೆ ಒಂದು ಉಪಾಯ. ನಿಮಗೆ ಬಾಯಿಪಾಠ ಇರೋ ಒಂದು ಹಾಡು ತಗೊಳ್ಳಿ. ರಾಗ ಮರೆತು ಸಾಹಿತ್ಯ ಮಾತ್ರ ಹಾಳೆ ಮೇಲೆ ಬರೆದುಕೊಳ್ಳಿ. ಆಮೇಲೆ ಹಾಡು ಹೇಳಿದ್ದನ್ನಲ್ಲ, ಹೇಳದೇ ಬಿಟ್ಟಿದ್ದನ್ನು ಗುರುತು ಮಾಡಿ.

ನಮ್ಮ ದುರ್ಗದ ಓಬವ್ವನನ್ನೇ ನೋಡಿ. ಹಾಡು ಅಂದಕೂಡಲೇ ಒನಕೆ, ಕಿಂಡಿ, ಹೈದರಾಲಿಯ ಸೈನಿಕರು. ಆದರೆ ಜನ ಹೇಳೋ ಕಥೆಯಲ್ಲಿ ಕಾವಲುಗಾರ ಗಂಡ ಊಟಕ್ಕೆ ಬಂದಿದ್ದ, ಅವಳು ನೀರಿಗೆ ಹೋಗಿದ್ದಳು. ಗಂಗಾಳದ ಮುಂದೆ ಕೂತ ಅವನು ಏನು ಯೋಚಿಸ್ತಿದ್ದ? ನೀರು ಇನ್ನೂ ಬರಲಿಲ್ಲ ಅಂತ ಸಿಡುಕಿದನಾ? ಮಾರನೇ ದಿನ ಅದೇ ಕಿಂಡಿ ಹತ್ತಿರ ಕಾವಲಿಗೆ ಹೇಗೆ ನಿಂತ? ನನಗಂತೂ ಓಬವ್ವನಿಗಿಂತ ಅವನನ್ನು ಬರೆಯೋದೇ ಕಷ್ಟ, ರುಚಿಯೂ ಅಲ್ಲೇ ಇರೋದು.

ಬೀಸೋ ಪದಗಳು ಇನ್ನೂ ಒಳ್ಳೆ ಗಣಿ. ಹಾಡೋಳು ಕಲ್ಲಿನ ಜೊತೆ ತವರಿನ ಸುದ್ದಿ ಮಾತಾಡ್ತಾಳೆ. ಅದನ್ನು ಒಳಕೋಣೆಯಿಂದ ಅತ್ತೆ ಕೇಳಿಸಿಕೊಂಡರೆ? ಅಲ್ಲಿಂದ ಶುರು ಮಾಡಿ. ಚಳ್ಳಕೆರೆ ಕಡೆ ಗೊಲ್ಲರಹಟ್ಟಿಗಳಲ್ಲಿ ಕಾಡುಗೊಲ್ಲರ ವೀರರಾದ ಜುಂಜಪ್ಪ, ಎತ್ತಪ್ಪನ ಪದ ಹೇಳೋ ಹಿರಿಯರು ಸಿಕ್ಕರೆ ಪುರುಸೊತ್ತಾಗಿ ಕೂತು ಕೇಳಿ (ಮೊಬೈಲು ಚೀಲದಲ್ಲೇ ಇರಲಿ, ಅವರು ಒಪ್ಪಿದರೆ ಮಾತ್ರ ರೆಕಾರ್ಡ್). ಒಂದೇ ಸಾಲು ಮತ್ತೆ ಮತ್ತೆ ಬಂದಾಗ ಅದರ ಭಾರ ಹೇಗೆ ಬದಲಾಗುತ್ತೆ ಅಂತ ಗಮನಿಸಿ. ಪಾತ್ರದ ಮಾತಿಗೂ ಅದನ್ನೇ ಬಳಸಬಹುದು.

ಸಿನಿಮಾ ಹಾಡಿನ ಸಾಲುಗಳನ್ನು ಮಾತ್ರ ಹಾಗೇ ಕಥೆಯೊಳಗೆ ಹಾಕಬೇಡಿ. ನಮ್ಮ ಕಾನೂನಿನಲ್ಲಿ ಗೀತೆ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತೆ. ‘ಪಕ್ಕದ ಮನೆ ರೇಡಿಯೋದಲ್ಲಿ ಹಳೇ ಹಾಡು ಬರ್ತಿತ್ತು’ ಅಂದರೂ ಓದೋರು ತಮ್ಮದೇ ಒಂದು ಹಾಡು ಗುನುಗಿಕೊಳ್ತಾರೆ.